ಎಪ್ಪತ್ತೋ ಎಂಬತ್ತೋ

ಕರೆದರೆ ಓಗೊಡದ ಗಂಡಸು ಯಾವ ಮನೆಯಲ್ಲಿಲ್ಲ ಹೇಳಿ. ಅಡುಗೆಮನೆಯಿಂದ ಹೆಂಡತಿ ನಾಲ್ಕು ಸಲ ಕೂಗಿರುತ್ತಾಳೆ, ಇವರು ಪೇಪರಿನಿಂದ ತಲೆ ಎತ್ತಿರುವುದಿಲ್ಲ. ಐದನೆಯ ಸಲ ಅವಳೇ ಬಂದು ಎದುರಿಗೆ ನಿಂತು ಸೊಂಟದ ಮೇಲೆ ಕೈಯಿಟ್ಟರೆ, ಏನೂ ಆಗದವರ ಹಾಗೆ "ಏನೋ ಅಂದ್ಯಾ?" ಎಂದು ಕೇಳುತ್ತಾರೆ. ಇದಕ್ಕೆ ಜಾಣಗಿವುಡು ಅಂತ ಒಂದು ಹೆಸರೇ ಇದೆ. ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ ಎಂದು ಅದರ ಅರ್ಥ.

ಮೇಸ್ತ್ರಿಯ ಮನೆಯಲ್ಲೂ ಇದೇ ದೂರು. ಹೆಂಡತಿ ಹೇಳಿ ಹೇಳಿ ಸಾಕಾಗಿ, ಈಚೆಗೆ ಹೇಳುವುದನ್ನೇ ಬಿಟ್ಟಿದ್ದಳು. ಕಾಫಿ ಬೇಕಾ ಎಂದು ಕೇಳುವುದಿಲ್ಲ, ತಂದು ಕುಕ್ಕಿ ಹೋಗುತ್ತಾಳೆ. ಮೇಸ್ತ್ರಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಈ ವಯಸ್ಸಿಗೆ ಹೆಂಗಸರು ಮಾತು ಕಡಿಮೆ ಮಾಡುತ್ತಾರೇನೋ, ಒಳ್ಳೆಯದೇ ಆಯಿತು ಅಂದುಕೊಂಡಿದ್ದರು ಪಾಪ.

ಮೇಸ್ತ್ರಿಯದು ಮರದ ಕೆಲಸ. ಬಾಗಿಲು, ಕಿಟಕಿ, ಕಪಾಟು ಮಾಡುವ ಕಾರ್ಖಾನೆ, ಹನ್ನೊಂದು ಜನ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಹಲಗೆಗಳ ಅಟ್ಟಿ, ಇನ್ನೊಂದು ತುದಿಯಲ್ಲಿ ಪಾಲಿಶ್ ಹಾಕುವ ಜಾಗ, ನಡುವೆ ದೊಡ್ಡ ಗರಗಸ. ಆ ಗರಗಸ ಮೇಸ್ತ್ರಿಯದು. ಇಪ್ಪತ್ತೆಂಟು ವರ್ಷದಿಂದ ಅದರ ಮುಂದೆ ಬೇರೆ ಯಾರೂ ನಿಂತಿಲ್ಲ. ಅದು ಓಡಲು ಶುರುವಾದರೆ ಪಕ್ಕದಲ್ಲಿ ನಿಂತವನ ಮಾತೂ ಕೇಳದು, ತಗಡೆಲ್ಲ ಗುಂಯ್ ಅನ್ನುತ್ತದೆ.

ಅಲ್ಲಿ ಕೆಲಸದ ರೀತಿ ಹೀಗೆ. ಒಬ್ಬ ನಕ್ಷೆ ನೋಡಿ, ಟೇಪು ಹಿಡಿದು ಅಳತೆ ಕೂಗಬೇಕು. ಇನ್ನೊಬ್ಬ ಕೇಳಿಸಿಕೊಂಡು ಕತ್ತರಿಸಬೇಕು. ಕೂಗುವವನು ಟೇಪಣ್ಣ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಹೊಸದಾಗಿ ಬಂದವರು ಒಂದು ಅಳತೆಯನ್ನು ಮೂರು ಸಲ ಕೇಳುತ್ತಾರೆ. ಮೇಸ್ತ್ರಿ ಮಾತ್ರ ಒಂದೇ ಸಲ ತಲೆ ಎತ್ತಿ ಟೇಪಣ್ಣನ ಕಡೆ ನೋಡಿದರೆ ಮುಗಿಯಿತು, ಹಲಗೆ ಎರಡು ತುಂಡು. ಅಷ್ಟು ಗದ್ದಲದಲ್ಲಿ ಅದು ಹೇಗೆ ಕೇಳುತ್ತದೆಂದು ನೋಡಿದವರು ಬೆರಗಾಗುತ್ತಿದ್ದರು. ಮೇಸ್ತ್ರಿಗೂ ಒಳಗೊಳಗೇ ಹೆಮ್ಮೆ.

ಒಂದು ಅಭ್ಯಾಸ ಮಾತ್ರ ಇತ್ತು. ಅಳತೆ ಎಪ್ಪತ್ತು ಅಥವಾ ಎಂಬತ್ತು ಆದರೆ ಅವರ ಕೈ ನಿಲ್ಲುತ್ತಿತ್ತು. "ಏಳಾ, ಎಂಟಾ?" ಎಂದು ಕೇಳುತ್ತಿದ್ದರು. ಟೇಪಣ್ಣ ಬೆರಳು ಎತ್ತಿ ತೋರಿಸುತ್ತಿದ್ದ. ಐವತ್ತು, ಅರವತ್ತು, ತೊಂಬತ್ತಕ್ಕೆ ಇಲ್ಲದ ಈ ಪ್ರಶ್ನೆ ಅವೆರಡಕ್ಕೆ ಮಾತ್ರ ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೇಳಿದ್ದರೆ ಮೇಸ್ತ್ರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಕಾರ್ಖಾನೆಗೆ ಮಾಸ್ಕು ಬಂತು. ಕಾರ್ಖಾನೆಯ ಒಡತಿ ನಲವತ್ತರ ಆಸುಪಾಸಿನ ಹೆಂಗಸು, ಕೆಲಸದವರ ಮೇಲೆ ಕಾಳಜಿ ಇದ್ದವರು. ಮರದ ಹೊಟ್ಟು ಎದೆಗೆ ಹೋಗಿ ಕೂರುತ್ತದೆಂದು ಡಾಕ್ಟರು ಹೇಳಿದ ಮೇಲೆ ಎಲ್ಲರಿಗೂ ಒಳ್ಳೆಯ ಮಾಸ್ಕು ತರಿಸಿ ಕೊಟ್ಟರು, ಹಾಕಲೇಬೇಕೆಂದರು. ಒಳ್ಳೆಯ ಕೆಲಸವೇ. ಎರಡು ವಾರದಲ್ಲಿ ಶೆಡ್ಡಿನ ಕೆಮ್ಮು ಅರ್ಧ ಇಳಿಯಿತು.

ಆದರೆ ಮೇಸ್ತ್ರಿಗೆ ಗ್ರಹಚಾರ ಶುರುವಾದದ್ದೂ ಅಂದಿನಿಂದಲೇ. ಎಲ್ಲರೂ ಬಾಯಲ್ಲಿ ಹತ್ತಿ ತುರುಕಿಕೊಂಡು ಮಾತಾಡುವ ಹಾಗೆ ಅವರಿಗೆ ಅನ್ನಿಸತೊಡಗಿತು. ಮಾಸ್ಕು ಬಂದ ಮೇಲೆ ಈ ಜನಕ್ಕೆ ಮಾತಾಡುವುದೇ ಮರೆತುಹೋಗಿದೆ ಎಂದು ಮನೆಯಲ್ಲಿ ಗೊಣಗಿದರು. ಮೊದಮೊದಲು ಎರಡೆರಡು ಸಲ ಕೇಳಿದರು. ಪ್ರತಿ ಅಳತೆಗೂ ಏನು ಏನು ಎಂದರೆ ಹಿಂದಿನಿಂದ ಯಾರಾದರೂ ಕಿಸಕ್ಕನೆ ನಗುವುದು ಖಂಡಿತ. ಆಮೇಲೆ ಕೇಳುವುದನ್ನು ಬಿಟ್ಟರು. ಹೂಂ ಎಂದು ತಲೆಯಾಡಿಸಿ, ಊಹೆಯ ಮೇಲೆ ಕತ್ತರಿಸತೊಡಗಿದರು. ಬಾಗಿಲು, ಕಿಟಕಿಗಳ ಮಾಮೂಲಿ ಅಳತೆ ಬಾಯಿಪಾಠವಾಗಿದ್ದರಿಂದ ಊಹೆ ಬಹುಪಾಲು ಸರಿಯಾಗುತ್ತಿತ್ತು. ಏಳಾ, ಎಂಟಾ ಎಂಬ ಪ್ರಶ್ನೆಯೂ ಅದರ ಜೊತೆಗೇ ಹೋಯಿತು.

ಒಂದು ತಿಂಗಳಲ್ಲಿ ಎರಡು ಅಳತೆ ಕೆಟ್ಟವು. ಚಿಕ್ಕಪುಟ್ಟವು, ಹೇಗೋ ಸುಧಾರಿಸಿಕೊಂಡರು. ಮೂರನೆಯದು ಶನಿವಾರ ಆಯಿತು, ಅದು ಚಿಕ್ಕದಾಗಿರಲಿಲ್ಲ.

ಒಂದು ಶಾಲೆಯ ಪುಸ್ತಕದ ಕಪಾಟುಗಳಿಗೆ ನಲವತ್ತು ಹಲಗೆ ಬೇಕಿತ್ತು. ಉದ್ದ ಎಂಬತ್ತು ಸೆಂಟಿಮೀಟರ್. ಬೆಲೆಬಾಳುವ, ಗಂಟಿಲ್ಲದ ಮರ. ಮೇಸ್ತ್ರಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಷ್ಟನ್ನೂ ಕತ್ತರಿಸಿ, ಅಂಚು ನಯ ಮಾಡಿ, ಚೊಕ್ಕವಾಗಿ ಒಟ್ಟಿದರು. ಮೊದಲ ಹಲಗೆಯನ್ನು ಕಪಾಟಿಗೆ ಕೂರಿಸಲು ಹೋದಾಗ ಅದು ಈ ಕಡೆ ತಾಗಿದರೆ ಆ ಕಡೆ ತಾಗಲಿಲ್ಲ. ಟೇಪು ಹಿಡಿದರು. ಎಪ್ಪತ್ತು. ಇನ್ನೊಂದು ತೆಗೆದರು, ಎಪ್ಪತ್ತು. ನಲವತ್ತೂ ಎಪ್ಪತ್ತು.

ಉದ್ದವಾದ ಹಲಗೆಯನ್ನು ಗಿಡ್ಡ ಮಾಡಬಹುದು. ಗಿಡ್ಡವಾದದ್ದನ್ನು ಉದ್ದ ಮಾಡುವ ಮೇಸ್ತ್ರಿ ಇನ್ನೂ ಹುಟ್ಟಿಲ್ಲ. ಎಂಬತ್ತು ಅಂತಲೇ ಕೂಗಿದ್ದೆ ಎಂದು ಟೇಪಣ್ಣ ತನ್ನ ತಾಯಿಯ ಮೇಲೆ ಆಣೆ ಇಟ್ಟ. ಎಪ್ಪತ್ತು ಅಂದಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ ಎಂದು ಮೇಸ್ತ್ರಿ ಹಟ ಹಿಡಿದರು. ಹದಿನೈದು ವರ್ಷ ಒಂದೇ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದವರು ಒಬ್ಬರಿಗೊಬ್ಬರು ಸುಳ್ಳುಗಾರ ಅನ್ನುವ ಮಟ್ಟಕ್ಕೆ ಹೋದರು. ಮೇಸ್ತ್ರಿಗೆ ಜಾಣಗಿವುಡು, ಹಲಗೆಗೆ ಹತ್ತು ಸೆಂಟಿಮೀಟರ್ ಮರ ಉಳಿಸುತ್ತಿದ್ದಾರೆ ಎಂದು ಯಾರೋ ಮಾಸ್ಕು ಇಳಿಸಿ ಎದುರಿಗೇ ಚಟಾಕಿ ಹಾರಿಸಿದ್ದು ಮಾತ್ರ ಮೇಸ್ತ್ರಿಯ ಎದೆಗೆ ಚುಚ್ಚಿತು.

ಒಡತಿ ಗಲಾಟೆ ಮಾಡಲಿಲ್ಲ. ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಮರ್ಯಾದೆಗೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮೆಲ್ಲಗೆ ಹೇಳಿದರು.

"ಹಲಗೆ ಹೋದ್ರೆ ಹೋಗ್ಲಿ ಮೇಸ್ತ್ರೀ. ನಾಳೆ ಯಾರೋ ನಿಲ್ಲಿಸಿ ಅಂತ ಕೂಗಿ, ನಿಮಗೆ ಕೇಳದೆ ಹೋದ್ರೆ? ಕೈ ಹೋದ್ರೆ ನಾನು ಎಲ್ಲಿಂದ ತಂದುಕೊಡ್ಲಿ? ಸೋಮವಾರದಿಂದ ನೀವು ಪಾಲಿಶ್ ಕಡೆ ನೋಡ್ಕೊಳ್ಳಿ. ಗರಗಸಕ್ಕೆ ಬೇರೆಯವರನ್ನ ಹಾಕ್ತೀನಿ."

ಇದರಲ್ಲಿ ಒಂದಕ್ಷರವೂ ಮೇಸ್ತ್ರಿಗೆ ತಪ್ಪಲಿಲ್ಲ. ಎಲ್ಲ ಸರಿಯಾಗಿ ಕೇಳಿತು. ಅದಕ್ಕೇ ಅವರಿಗೆ ಇನ್ನೂ ಸಿಟ್ಟು. ಇಷ್ಟು ಮೆಲ್ಲಗೆ ಹೇಳಿದ್ದು ಕೇಳುವ ಕಿವಿಗೆ ಏನಾಗಿದೆ ಅಂತ ಇವರೆಲ್ಲ ಹೀಗೆ ಆಡುತ್ತಿದ್ದಾರೆ?

ಮನೆಗೆ ಬಂದವರು ಊಟಕ್ಕೂ ಏಳಲಿಲ್ಲ. ಹೆಂಡತಿ ಎದುರಿಗೆ ಕೂತು, ಏನಾಯಿತೆಂದು ಬಾಯಿ ಬಿಡಿಸಿದಳು. ಗರಗಸ ಹೋಯಿತು ಅಂದಾಗ ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು. ಅವಳು ಎದ್ದುಹೋಗಿ ಫೋನು ಹಿಡಿದಳು.

ಫೋನು ಹೋದದ್ದು ಮೇಸ್ತ್ರಿಯ ಅಕ್ಕನ ಮಗಳಿಗೆ. ಮೂವತ್ತು ದಾಟಿದ್ದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ದೊಡ್ಡಾಸ್ಪತ್ರೆಯ ಕಿವಿ ವಿಭಾಗದಲ್ಲಿ, ಜನರ ಕಿವಿಗೆ ಹೆಡ್‌ಫೋನ್ ಹಾಕಿ ಸದ್ದು ಕೇಳಿಸಿ, ಎಷ್ಟು ಕೇಳುತ್ತದೆ ಎಂದು ಅಳೆಯುವ ಕೆಲಸ ಅವಳದು. ಕುಂಯ್ ಅನ್ನಿಸಿ ಸಂಬಳ ತಗೊಳ್ಳೋ ಕೆಲಸ ಎಂದು ಮೇಸ್ತ್ರಿ ಅವಳನ್ನು ಯಾವಾಗಲೂ ಛೇಡಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಪುಟ್ಟಿ ಬಂದಳು. ಬಂದವಳು ಕಿವಿಯ ಮಾತೇ ಎತ್ತಲಿಲ್ಲ. ಕಾಫಿ ಕುಡಿದಳು, ಮಾವನ ಜಗಳವನ್ನು ಪೂರ್ತಿ ಕೇಳಿದಳು. ಟೇಪಣ್ಣ ಹೇಗೆ ಸುಳ್ಳು ಹೇಳಿದ, ಮಾಸ್ಕಿನಿಂದ ಹೇಗೆ ಎಲ್ಲರ ಮಾತೂ ಕೆಟ್ಟಿತು ಎಂದು ಮೇಸ್ತ್ರಿ ವಿವರವಾಗಿ ಹೇಳಿದರು. ಪುಟ್ಟಿ ಒಂದೇ ಒಂದು ಪ್ರಶ್ನೆ ಕೇಳಿದಳು: ಮಾಸ್ಕು ಬರುವ ಮುಂಚೆ ಯಾವತ್ತಾದರೂ ಮತ್ತೆ ಕೇಳಬೇಕಾಗಿ ಬರುತ್ತಿತ್ತಾ? ಇಲ್ಲವೇ ಇಲ್ಲ ಅಂದ ಮೇಸ್ತ್ರಿ, ಆಮೇಲೆ ಯೋಚಿಸಿ, ಎಪ್ಪತ್ತು ಎಂಬತ್ತಕ್ಕೆ ಮಾತ್ರ ಕೇಳುತ್ತಿದ್ದೆ ಅಂದರು.

ಪುಟ್ಟಿಯ ಮುಖ ಅರಳಿತು. ಕಳೆದ ಕೀ ಸಿಕ್ಕಿದವಳ ಹಾಗೆ ಎದ್ದು, ಒಂದು ಆಟ ಆಡೋಣ ಬನ್ನಿ ಎಂದು ಇಬ್ಬರನ್ನೂ ಅಡುಗೆಮನೆಯ ಮೇಜಿಗೆ ಕರೆದುಕೊಂಡು ಹೋದಳು. ಕಾರ್ಖಾನೆಯ ಗದ್ದಲ ಇರಬೇಕಲ್ಲ, ಅದಕ್ಕೆ ಮಿಕ್ಸಿ ಹಾಕಿದಳು. ಅತ್ತೆಯನ್ನು ದೂರದ ಬಾಗಿಲ ಹತ್ತಿರ, ಮಾವನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದಳು. ಇಬ್ಬರ ಕೈಗೂ ಒಂದೊಂದು ಚೀಟಿ, ಪೆನ್ಸಿಲು. ಆಮೇಲೆ ಒಂದು ನೋಟ್‌ಬುಕ್ಕನ್ನು ಬಾಯಿಗೆ ಅಡ್ಡ ಹಿಡಿದು ಒಂದೊಂದೇ ಸಂಖ್ಯೆ ಹೇಳುತ್ತಾ ಹೋದಳು. ಇಪ್ಪತ್ತು, ಐವತ್ತು, ತೊಂಬತ್ತು, ಹೀಗೆ.

ನಮ್ಮ ಈ ಸಂಖ್ಯೆಗಳ ಬಾಲವೆಲ್ಲ ಒಂದೇ ತರಹ ಅನ್ನುವುದನ್ನು ನೀವೂ ಗಮನಿಸಿ. ತಲೆ ಮಾತ್ರ ಬೇರೆ ಬೇರೆ. ತಲೆ ತಪ್ಪಿತೋ, ಎಲ್ಲ ತಪ್ಪಿತು.

ಹತ್ತು ಸಂಖ್ಯೆ ಆದ ಮೇಲೆ ಮಿಕ್ಸಿ ನಿಲ್ಲಿಸಿ ಚೀಟಿ ನೋಡಿದರು. ದೂರ ಕೂತ ಹೆಂಡತಿಯದು ಹತ್ತಕ್ಕೆ ಹತ್ತೂ ಸರಿ. ಎದುರು ಕೂತ ಮೇಸ್ತ್ರಿಯದು ಮೂರು ಸರಿ. ಬಾಯಿಗೆ ಪುಸ್ತಕ ಅಡ್ಡ ಹಿಡಿದರೆ ಯಾರಿಗೆ ತಾನೆ ಕೇಳುತ್ತದೆ ಎಂದು ಮೇಸ್ತ್ರಿ ಗದರಿದರು. ನನಗೆ ಕೇಳಿಸ್ತಲ್ಲ ಎಂದು ಹೆಂಡತಿ ಮೆಲ್ಲಗೆ ಅಂದಳು. ಅವಳು ಗೆದ್ದ ಹಾಗೆ ಅನ್ನಲಿಲ್ಲ, ಸ್ವಲ್ಪ ಗಾಬರಿಯಿಂದಲೇ ಅಂದಳು.

ಎರಡನೆಯ ಸುತ್ತಿಗೆ ಮತ್ತೆ ಮಿಕ್ಸಿ. ಈ ಸಲ ಪುಸ್ತಕ ಇಲ್ಲ. ಪುಟ್ಟಿ ಮಾವನಿಗೆ ಮುಖ ಕೊಟ್ಟು, ಅದೇ ದನಿಯಲ್ಲಿ, ಹಿಂದುಮುಂದು ಮಾಡಿ ಮತ್ತೆ ಹತ್ತು ಸಂಖ್ಯೆ ಹೇಳಿದಳು. ಮೇಸ್ತ್ರಿಯ ಪೆನ್ಸಿಲು ಸರಸರನೆ ಓಡಿತು. ಎರಡು ಕಡೆ ಮಾತ್ರ ನಿಂತಿತು. ಮಿಕ್ಸಿ ನಿಲ್ಲಿಸಿ ನೋಡಿದರೆ ಎಂಟು ಸರಿ. ತಡವರಿಸಿ ತಪ್ಪಿದ್ದು ಎರಡು: ಎಂಬತ್ತು ಇರಬೇಕಾದಲ್ಲಿ ಎಪ್ಪತ್ತು, ಎಪ್ಪತ್ತು ಇರಬೇಕಾದಲ್ಲಿ ಎಂಬತ್ತು.

ಮೇಸ್ತ್ರಿ ಆ ಎರಡು ತಪ್ಪಿನ ಮೇಲೆ ಬೆರಳಿಟ್ಟರು. ಶಾಲೆಯ ನಲವತ್ತು ಹಲಗೆ ಅವರ ಕಣ್ಣ ಮುಂದೆ ಬಂದು ನಿಂತವು.

ಪುಟ್ಟಿ ಅತ್ತೆಯನ್ನು ಹತ್ತಿರ ಕರೆದಳು. ನಾನು ದನಿ ಇಲ್ಲದೆ ಬರೀ ತುಟಿ ಆಡಿಸುತ್ತೇನೆ, ಯಾವುದು ಹೇಳಿ ಎಂದಳು. ಐವತ್ತು ಎಂದು ತುಟಿ ಆಡಿಸಿದಳು, ಅತ್ತೆಗೆ ಗೊತ್ತಾಯಿತು. ಮೂವತ್ತಕ್ಕೆ ತುಟಿ ಮುಂದೆ ಬಂತು, ಅದೂ ಗೊತ್ತಾಯಿತು. ಆಮೇಲೆ ಎಪ್ಪತ್ತು, ಎಂಬತ್ತು. ಅತ್ತೆ ಎರಡೆರಡು ಸಲ ನೋಡಿ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿ, ಎರಡೂ ಒಂದೇ ಅಂದುಬಿಟ್ಟಳು.

ಪ, ಬ, ಮ, ಈ ಮೂರಕ್ಕೂ ಎರಡು ತುಟಿ ಕೂಡಿ ಬಿಡುತ್ತವೆ, ಹೊರಗೆ ನೋಡುವವರಿಗೆ ಮೂರೂ ಒಂದೇ ತರಹ ಕಾಣುತ್ತವೆ ಎಂದು ಪುಟ್ಟಿ ವಿವರಿಸಿದಳು. ಅವನ್ನು ಬೇರೆ ಮಾಡಿ ಹೇಳಬೇಕಾದ್ದು ಕಿವಿ. ಮಾವನ ಕಿವಿ ಆ ಕೆಲಸ ಸರಿಯಾಗಿ ಮಾಡುತ್ತಿಲ್ಲ. ಮಿಕ್ಕ ಸಂಖ್ಯೆಗಳನ್ನೆಲ್ಲ ಅವರು ಇಷ್ಟು ವರ್ಷ ಹಿಡಿದದ್ದು ಕಣ್ಣಿನಿಂದ.

ಮೇಸ್ತ್ರಿ ಒಪ್ಪಲಿಲ್ಲ. ಕಣ್ಣು ನೋಡುವುದಕ್ಕೆ, ಕಿವಿ ಕೇಳುವುದಕ್ಕೆ, ಹುಟ್ಟಿದಾಗಿನಿಂದ ನಡೆದು ಬಂದದ್ದು ಇದೇ ಅಂದರು. ತುಟಿ ನೋಡಿ ಕೇಳುವುದು ಅಂದರೆ ತನಗೆ ಗೊತ್ತಾಗಬೇಡವೇ? ತನಗೆ ಕೇಳುತ್ತಿದ್ದದ್ದು ಕಿವಿಯ ಒಳಗೇ, ಸ್ಪಷ್ಟವಾಗಿ.

"ಅದೇ ಮಾವ ಸೋಜಿಗ" ಎಂದು ಪುಟ್ಟಿ ಫೋನು ತೆಗೆದಳು. "ಇದನ್ನ ನೋಡಿ. ಅತ್ತೇ, ನಿಮ್ಮ ಕಿವಿ ಚೆನ್ನಾಗಿದೆಯಲ್ಲ, ಮೊದಲು ನೀವು."

ಫೋನಿನಲ್ಲಿ ಒಬ್ಬ ಮನುಷ್ಯನ ಮುಖ. ಅವನು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಏನು ಹೇಳ್ತಿದ್ದಾನೆ ಅಂದರೆ, ದ ದ ದ ಎಂದಳು ಅತ್ತೆ. ಕಣ್ಣು ಮುಚ್ಚಿ ಕೇಳಿ ಅಂದಳು ಪುಟ್ಟಿ. ಅತ್ತೆ ಕಣ್ಣು ಮುಚ್ಚಿದಳು. ಬ ಬ ಬ. ಕಣ್ಣು ತೆರೆದಳು. ದ ದ ದ. ಮತ್ತೆ ಮುಚ್ಚಿದಳು, ಮತ್ತೆ ಬ. ಇವನೇನು ನನ್ನ ಆಟ ಆಡಿಸ್ತಿದ್ದಾನಾ ಎಂದು ಫೋನು ಕಸಿದುಕೊಂಡು, ಒಂದು ಕಣ್ಣು ಮುಚ್ಚಿ ಒಂದು ತೆರೆದೂ ನೋಡಿದಳು.

ಅಲ್ಲಿ ಮೋಸ ಇಲ್ಲ ಎಂದು ಪುಟ್ಟಿ ನಕ್ಕಳು. ದನಿ ಯಾವಾಗಲೂ ಬ ಅಂತಲೇ ಇದೆ. ಆದರೆ ಅವನ ಬಾಯಿ ಆಡುವುದು ಗ ಅಂದ ಹಾಗೆ. ಕಿವಿ ಒಂದು ಸುದ್ದಿ ತಂದಿತು, ಕಣ್ಣು ಇನ್ನೊಂದು ತಂದಿತು. ಮಿದುಳು ಇಬ್ಬರ ಮಾತನ್ನೂ ಕೇಳಿ, ಎರಡಕ್ಕೂ ಹೊಂದುವ ಹಾಗೆ ದ ಎಂದು ತೀರ್ಮಾನ ಮಾಡಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ, ಆದರೆ ಬಹಳ ಜನಕ್ಕೆ ಆಗುತ್ತದೆ. ನಾನು ಎರಡನ್ನೂ ಬೆರೆಸಿದೆ ಎಂದು ಮಿದುಳು ನಮಗೆ ಹೇಳುವುದಿಲ್ಲ. ಕೇಳಿಸಿತು ಅನ್ನುವುದನ್ನಷ್ಟೇ ನಮ್ಮ ಕೈಗೆ ಕೊಡುತ್ತದೆ.

ಮೇಸ್ತ್ರಿ ಫೋನನ್ನು ಕೈಗೆ ತೆಗೆದುಕೊಂಡರು. ಅವರಿಗೂ ದ ಎಂದೇ ಕೇಳಿತು. ಹುಬ್ಬು ಮೇಲೇರಿತು. ಮರದ ಗಂಟು ಪರೀಕ್ಷಿಸುವವರ ಹಾಗೆ ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

ಆಮೇಲೆ ಪುಟ್ಟಿ ಹೇಳಿದ ವಿಷಯಗಳನ್ನು ಕೇಳಿ ಗಂಡಹೆಂಡತಿ ಇಬ್ಬರೂ ಬೆರಗಾಗಿ ಕೂತರು. ಸಾಮಾನ್ಯವಾಗಿ ಮಾತಿನ ಸದ್ದು ಹೊರಡುವ ಮುಂಚೆಯೇ ತುಟಿ ಅಣಿಯಾಗಿರುತ್ತದೆ. ಕಣ್ಣು ಅದನ್ನು ನೋಡಿ, ಇಂಥದ್ದು ಬರುತ್ತಿದೆ, ತಯಾರಾಗು ಎಂದು ಮಿದುಳಿಗೆ ಮೊದಲೇ ಸುಳಿವು ಕೊಟ್ಟುಬಿಡುತ್ತದೆ. ಮಿದುಳಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಹತ್ತಿರದಲ್ಲಿ ಒಂದು ಜಾಗ ಇದೆ, ಅದಕ್ಕೆ ಮುಖದ ಚಲನೆಯನ್ನು ಓದುವುದೂ ಒಂದು ಕೆಲಸ. ದನಿಯೇ ಇಲ್ಲದೆ ಬರೀ ತುಟಿ ಆಡುವುದನ್ನು ನೋಡಿದರೂ, ಸದ್ದು ಕೇಳುವ ಭಾಗ ಕೂಡ ಎಚ್ಚೆತ್ತುಕೊಳ್ಳುತ್ತದೆ. ತೊಟ್ಟಿಲ ಮಗು ಕೂಡ ಮಾತು ಕಲಿಯುವ ತಿಂಗಳುಗಳಲ್ಲಿ ಅಮ್ಮನ ಬಾಯಿಯನ್ನೇ ದಿಟ್ಟಿಸುತ್ತದೆ. ಬರೀ ತುಟಿ ಅಲ್ಲ, ಹುಬ್ಬು, ಕೆನ್ನೆ, ಗದ್ದ, ತಲೆಯ ಅಲುಗಾಟ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬಂದ ಅನ್ನುವುದು ಸುದ್ದಿಯೋ ಪ್ರಶ್ನೆಯೋ ಎಂದು ಅರ್ಧ ಗೊತ್ತಾಗುವುದು ಹುಬ್ಬಿನಿಂದ.

"ತುಟಿ ನೋಡಿ ಮಾತು ತಿಳ್ಕೊಳ್ಳೋದನ್ನ ನಾವು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಲಿಸ್ತೀವಿ ಮಾವ. ಎಷ್ಟೋ ಜನಕ್ಕೆ ಆದ್ರೂ ಬರಲ್ಲ. ನೀವು ಆ ಗರಗಸದ ಮುಂದೆ ನಿಂತು, ಯಾರೂ ಹೇಳಿಕೊಡದೆ ಕಲಿತುಬಿಟ್ರಿ. ನಿಮಗೇ ಗೊತ್ತಿಲ್ಲದ ಹಾಗೆ. ನಿಮ್ಮದು ಜಾಣಗಿವುಡಲ್ಲ, ನಿಮ್ಮದು ಜಾಣ ಕಣ್ಣು."

ಹೊಗಳಿಕೆ ಮೇಸ್ತ್ರಿಯ ಮುಖದವರೆಗೆ ಬಂದು ಅಲ್ಲೇ ನಿಂತಿತು. ಅದರ ಹಿಂದೆ ಇದ್ದ ಮಾತು ಅವರಿಗೆ ಅರ್ಥವಾಗಿತ್ತು.

"ಅಂದ್ರೆ ನಾನು ಕಿವುಡ ಅಂತ ತಾನೆ ನೀನು ಹೇಳ್ತಿರೋದು?"

ಕಿವಿ ಸವೆದಿರಬಹುದು, ಎಷ್ಟು ಅಂತ ಪರೀಕ್ಷೆ ಮಾಡದೆ ಹೇಳಲಾರೆ ಎಂದಳು ಪುಟ್ಟಿ. ಇಪ್ಪತ್ತೆಂಟು ವರ್ಷ ಆ ಸದ್ದಿನಲ್ಲಿ ನಿಂತ ಕಿವಿ ಸವೆಯದೆ ಇರುತ್ತದಾ? ಅದು ಒಂದೇ ದಿನ ಕೆಡುವುದಿಲ್ಲ, ವರ್ಷಕ್ಕೆ ಎಳ್ಳಷ್ಟು ಹೋಗುತ್ತದೆ. ಹೋದಷ್ಟನ್ನೂ ಕಣ್ಣು ತುಂಬಿಕೊಡುತ್ತಾ ಬಂತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಮಾಸ್ಕು ಬಂದು ತುಟಿ ಮುಚ್ಚಿದಾಗ ಕಿವಿ ಒಂಟಿಯಾಯಿತು. ತಪ್ಪು ಮಾಸ್ಕಿನದಲ್ಲ. ಅದು ಎದೆ ಕಾಯುತ್ತದೆ, ಇರಲೇಬೇಕು. ಗೊತ್ತಿಲ್ಲದೆ ಇದ್ದದ್ದನ್ನು ಅದು ಗೊತ್ತು ಮಾಡಿಕೊಟ್ಟಿತು, ಅಷ್ಟೆ.

ಮೇಸ್ತ್ರಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕಿವಿ ಕಡಿಮೆ ಅಂತ ನನ್ನ ಬಾಯಿಂದಲೇ ಹೇಳಿದರೆ ಆ ಗರಗಸವನ್ನು ಇನ್ನು ಮುಟ್ಟಲೂ ಬಿಡುವುದಿಲ್ಲ ಅಂದರು. ಪಾಲಿಶ್ ಬ್ರಷ್ಷು ಹಿಡಿದು ಕೂರುವುದಕ್ಕಿಂತ ಮನೆಯಲ್ಲಿ ಕೂರುತ್ತೇನೆ ಅಂದರು. ಪರೀಕ್ಷೆಯೂ ಬೇಡ, ಯಂತ್ರವೂ ಬೇಡ ಅಂದರು. ಹೇಳದೆ ಇದ್ದುದಕ್ಕೇ ತಾನೆ ಗರಗಸ ಹೋದದ್ದು ಎಂದು ಪುಟ್ಟಿ ಕೇಳಿದಳು. ಅವರು ಕಿಟಕಿಯ ಕಡೆ ತಿರುಗಿದ್ದರಿಂದ ಆ ಮಾತು ಅವರನ್ನು ಮುಟ್ಟಲೇ ಇಲ್ಲ.

ಆಗ ಹೆಂಡತಿ ಎದ್ದು ಹೋಗಿ, ಅವರ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನಾನೂ ನಿಮ್ಮನ್ನ ಜಾಣಗಿವುಡು ಅಂತಲೇ ಅಂದುಕೊಂಡಿದ್ದೆ. ಬೆನ್ನ ಹಿಂದೆ ನಿಂತು ಏನು ಹೇಳಿದ್ರೂ ಉತ್ತರ ಇಲ್ಲ. ನನ್ನ ಮಾತು ಇವರಿಗೆ ಸಾಕಾಗಿದೆ, ನಾನೂ ಸಾಕಾಗಿದ್ದೀನಿ ಅಂತ ಎಷ್ಟು ದಿನ ಒಬ್ಬಳೇ ಅತ್ತಿದ್ದೀನಿ ಗೊತ್ತಾ? ನಿಮಗೆ ಕೇಳ್ತಾ ಇರಲಿಲ್ಲ ಅಂತ ಯಾರಾದ್ರೂ ನನಗೆ ಹೇಳಬಾರದಿತ್ತಾ?"

ಮನೆ ಯಾಕೆ ಇಷ್ಟು ಸದ್ದಿಲ್ಲದೆ ಇತ್ತು ಎಂದು ಮೇಸ್ತ್ರಿಗೆ ಈಗ ತಿಳಿಯಿತು. ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ ನಿಮ್ಮ ಆಸ್ಪತ್ರೇಲಿ ಎಂದು ಪುಟ್ಟಿಯನ್ನು ಕೇಳಿದರು.

ಸೋಮವಾರ ಬೆಳಿಗ್ಗೆ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಪುಟ್ಟಿ ಹೆಡ್‌ಫೋನ್ ಹಾಕಿದಳು. ಕುಂಯ್ ಅಂದಾಗ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಏನೂ ಕೇಳದೆ ಮೇಸ್ತ್ರಿ ಸುಮ್ಮನೆ ಕೂತಿದ್ದರು. ಆ ಹೊತ್ತಿನಲ್ಲೆಲ್ಲ ಸದ್ದು ಬರುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಎರಡು ಕಿವಿಯೂ ಸವೆದಿದ್ದವು, ಚೂಪು ಸದ್ದುಗಳಿಗಂತೂ ಬಹಳ. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಬಹುದು, ಕಿವಿಯಂತ್ರ ಹಾಕಿದರೆ ಮನೆಮಾತು ಸುಲಭವಾಗುತ್ತದೆ ಎಂದು ಡಾಕ್ಟರು ಹೇಳಿದರು. ಗರಗಸದ ಹತ್ತಿರ ಮಾತ್ರ ಯಂತ್ರ ತೆಗೆದಿಟ್ಟು, ಸದ್ದು ತಡೆಯುವ ಕಿವಿಮುಚ್ಚಳ ಹಾಕಿಕೊಳ್ಳಬೇಕು.

ಮೇಸ್ತ್ರಿ ಅಲ್ಲಿಂದ ನೇರ ಕಾರ್ಖಾನೆಗೆ ಬಂದರು. ಅವರ ಜಾಗದಲ್ಲಿ ಬೇರೊಬ್ಬರು ನಿಂತು ಗರಗಸ ಓಡಿಸುತ್ತಿದ್ದರು. ಮೇಸ್ತ್ರಿ ಎದುರಿನಿಂದ ಕೈ ಎತ್ತಿ ಗರಗಸ ನಿಲ್ಲಿಸಲು ಹೇಳಿದರು. ಸದ್ದು ನಿಂತ ಮೇಲೆ ಎಲ್ಲರೂ ಇವರನ್ನೇ ನೋಡಿದರು, ಒಡತಿಯೂ ಹೊರಗೆ ಬಂದರು.

"ನನಗೆ ಕಿವಿ ಕಮ್ಮಿಯಾಗಿದೆ. ಈಗ ಪರೀಕ್ಷೆ ಮಾಡಿಸ್ಕೊಂಡು ಬಂದೆ. ಟೇಪಣ್ಣ ಎಂಬತ್ತು ಅಂತಲೇ ಕೂಗಿದ್ದ. ಅವನು ಸುಳ್ಳು ಹೇಳಲಿಲ್ಲ."

ಇಪ್ಪತ್ತೆಂಟು ವರ್ಷದಲ್ಲಿ ಎಂಥೆಂಥ ಮರ ಎತ್ತಿದ್ದರೂ ಇಷ್ಟು ಭಾರದ್ದನ್ನು ಅವರು ಎತ್ತಿರಲಿಲ್ಲ. ಯಾರೂ ನಗಲಿಲ್ಲ. ಟೇಪಣ್ಣ ನೆಲ ನೋಡುತ್ತಾ ನಿಂತ.

ಮೇಸ್ತ್ರಿ ಪುಟ್ಟಿಯಿಂದ ಕಲಿತದ್ದನ್ನು ತಮ್ಮ ರೀತಿಯಲ್ಲಿ ಹೇಳಿದರು. ಬ ಬ, ದ ದ ಕಥೆ ಹೇಳುವಾಗ ತಾವೇ ಕಂಡುಹಿಡಿದವರ ಹಾಗೆ ಹುರುಪಾದರು. ನಂಬದವರು ಬನ್ನಿ ಅಂದರು. ಧೂಳು ಹೀರುವ ಯಂತ್ರವನ್ನು ಹಾಕಿಸಿ, ಎಲ್ಲರ ಕೈಗೂ ಸೀಮೆಸುಣ್ಣ ಕೊಟ್ಟು, ಮಾಸ್ಕು ಹಾಕಿದ ಒಡತಿಯಿಂದ ಹತ್ತು ಸಂಖ್ಯೆ ಹೇಳಿಸಿದರು. ಪ್ರತಿಯೊಬ್ಬರೂ ಒಂದೊಂದು ತುಂಡು ಹಲಗೆಯ ಮೇಲೆ ಬರೆದರು. ಹೊಸಬರದ್ದು ಹೆಚ್ಚುಕಡಿಮೆ ಸರಿ ಇತ್ತು. ಯಂತ್ರಗಳ ಹತ್ತಿರ ಹತ್ತು ವರ್ಷ ದಾಟಿದ ನಾಲ್ವರದ್ದು ಅರ್ಧಕ್ಕರ್ಧ ತಪ್ಪು. ಆ ನಾಲ್ವರಲ್ಲಿ ಶನಿವಾರ ಚಟಾಕಿ ಹಾರಿಸಿದವನೂ ಇದ್ದ, ಟೇಪಣ್ಣನೂ ಇದ್ದ.

ಒಡತಿ ಆ ಹಲಗೆಗಳನ್ನು ಸಾಲಾಗಿ ಇಟ್ಟು ಒಂದೊಂದಾಗಿ ಓದಿದರು. ಕಿವಿ ಕಡಿಮೆ ಇರುವವರನ್ನೆಲ್ಲ ಪಾಲಿಶಿಗೆ ಹಾಕಿದರೆ ಮರ ಕತ್ತರಿಸುವವರು ಯಾರು ಎಂದು ತಮಗೆ ತಾವೇ ಅಂದುಕೊಂಡ ಹಾಗೆ ಹೇಳಿದರು. ಆಮೇಲೆ ಕೆಲಸದ ರೀತಿಯನ್ನೇ ಬದಲಾಯಿಸಿದರು. ಇನ್ನು ಮುಂದೆ ಅಳತೆ ಕೂಗುವಂತಿಲ್ಲ; ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು, ಕತ್ತರಿಸುವವರು ಅದೇ ಅಂಕಿಗಳನ್ನು ಬೆರಳಲ್ಲಿ ತಿರುಗಿ ತೋರಿಸಬೇಕು. ಮಾತಾಡುವುದಿದ್ದರೆ ಗರಗಸ ನಿಲ್ಲಿಸಿ, ಧೂಳಿನಿಂದ ದೂರ ಬಂದು, ಮಾಸ್ಕು ಇಳಿಸಿ, ಮುಖ ಕೊಟ್ಟು ಮಾತಾಡಬೇಕು. ಗರಗಸದ ಎದುರಿಗೆ ನಿಲ್ಲಿಸಿ ಎಂದು ಹೇಳುವ ಕೆಂಪು ದೀಪ, ಅದರ ಗುಂಡಿ ಎಲ್ಲರ ಕೈಗೂ ಸಿಗುವ ಕಡೆ. ಕಿವಿಮುಚ್ಚಳ ಎಲ್ಲರ ಕಿವಿಗೂ. ಅದೆಲ್ಲ ಬರಲು ಎರಡು ದಿನ ಬೇಕಿತ್ತು. ಅಲ್ಲಿಯವರೆಗೆ ಗರಗಸಕ್ಕೆ ರಜೆ ಎಂದರು. ಮೂರನೆಯ ದಿನ ಅದರ ಮುಂದೆ ಮೇಸ್ತ್ರಿಯೇ ನಿಲ್ಲಲಿ ಎಂದರು.

ಮೇಸ್ತ್ರಿ ಹೋಗಿ ಗರಗಸದ ಮೇಜನ್ನು ಬಟ್ಟೆಯಿಂದ ಒರೆಸತೊಡಗಿದರು. ಆಗ ಟೇಪಣ್ಣ ಬಂದ. ಹಿಂದಿನಿಂದ ಬರದೆ ಸುತ್ತಿಕೊಂಡು ಎದುರಿಗೆ ಬಂದು ನಿಂತ, ಮಾಸ್ಕು ಇಳಿಸಿದ.

"ಮೇಸ್ತ್ರೀ, ನಿಮ್ಮ ಅಕ್ಕನ ಮಗಳು ನಾಳೆ ಇರ್ತಾರಾ?" ಎಂದು ಕೇಳಿದ. "ನನ್ನ ಮಗಳು ಫೋನಲ್ಲಿ ಮಾತಾಡೋದು ಬಿಟ್ಟುಬಿಟ್ಟಿದ್ದಾಳೆ. ಅವಳು ಏನು ಹೇಳಿದ್ರೂ ನಾನು ಏನು ಏನು ಅಂತೀನಂತೆ."

ಮಾರನೆಯ ದಿನ ಇಬ್ಬರೂ ಒಟ್ಟಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು.

ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ, ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಕರೆದರೆ ತಿರುಗದವರು, ಟೀವಿ ಜೋರು ಇಡುವವರು, ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸುವವರು ಒಬ್ಬರು ಇರಬಹುದು. ಕಾರ್ಖಾನೆಯಲ್ಲೋ ಗಿರಣಿಯಲ್ಲೋ ಸದ್ದಿನ ನಡುವೆ ದುಡಿದು ಬಂದವರಿರಬಹುದು. ಸೊಕ್ಕು ಎಂದುಕೊಳ್ಳಬೇಡಿ, ಜಾಣಗಿವುಡು ಎಂದು ನಗಬೇಡಿ. ಅವರ ಮಿದುಳು ಮುಖ ಮುಖ ನೋಡಿಕೊಂಡು, ಮಾತು ಮಾತನ್ನೂ ಹೆಕ್ಕಿಕೊಂಡು, ನಿಮ್ಮ ಜೊತೆ ಇರಲು ಎಷ್ಟು ದುಡಿಯುತ್ತಿದೆ ಎಂದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಅವರ ಜೊತೆ ಬೆಳಕಿರುವ ಕಡೆ ನಿಂತು, ಮುಖ ಕೊಟ್ಟು, ನಿಧಾನವಾಗಿ ಮಾತಾಡಿ. ಕಿರುಚಬೇಕಾಗಿಲ್ಲ.

ಇವತ್ತು ಸಂಜೆ ಅವರ ಎದುರಿಗೆ ಕೂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಐದಾರು ಸಂಖ್ಯೆ ಹೇಳಿ ನೋಡಿ. ಅದು ಡಾಕ್ಟರ ಪರೀಕ್ಷೆಯಲ್ಲ, ಬಾಗಿಲು ತಟ್ಟಿ ನೋಡುವುದಷ್ಟೆ. ಅವರು ತಪ್ಪು ಹೇಳಿದರೆ, ಅಡ್ಡ ಇಟ್ಟ ಕೈಯನ್ನು ಕೆಳಗಿಳಿಸಿ, ಅವರಿಗೆ ಕಾಣುವ ಹಾಗೆ ಹೇಳಿ: ನಾಳೆ ಆಸ್ಪತ್ರೆಗೆ ಹೋಗೋಣ, ನಾನೂ ಜೊತೆಗೆ ಬರ್ತೀನಿ.